ಅವ್ವ ಪೂಜಿಸಿದ ಆಂಪ್ಲಿಫೈಯರ್

ಮೊನ್ನೆ ಅಟ್ಟದಿಂದ ಹಳೆಯ ಆಂಪ್ಲಿಫೈಯರ್ ಇಳಿಸಿ, ಎಷ್ಟೋ ವರ್ಷಗಳ ಮೇಲೆ ಅದರ ಸ್ವಿಚ್ ಒತ್ತಿದೆ. ಒಳಗಿನ ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪಗಾದವು, ಧೂಳು ಕಾದ ವಾಸನೆ ಬಂತು. ದನಿ ಮಾತ್ರ ಇಲ್ಲ. ನೀವಾಗಿದ್ದರೆ ರಿಪೇರಿಯವರನ್ನು ಹುಡುಕುತ್ತಿದ್ದಿರಿ. ನನಗೆ ಅವ್ವ ನೆನಪಾದಳು.

ಎಂಬತ್ತರ ದಶಕದ ಮಾತು. ಎರಿ ಎಂದು ನಾವನ್ನುವ ಕಪ್ಪು ಮಣ್ಣಿನ ಊರು ಮೊರಬದಲ್ಲಿ ನಮ್ಮದು ಒಕ್ಕಲುತನದ ಮನೆ. ನಾನೋ, ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿಯನ್ ಗಿಟಾರಿನ ಹುಚ್ಚು ಹಿಡಿಸಿಕೊಂಡು ನವಲಗುಂದದ ಒಂದು ಆರ್ಕೆಸ್ಟ್ರಾ ಸೇರಿದ್ದೆ. ಗಿಟಾರಿನ ದನಿ ಏರಿಸಲು ಕಟ್ಟಿಗೆ ಪೆಟ್ಟಿಗೆಯ ಈ ಆಂಪ್ಲಿಫೈಯರನ್ನೂ ಕೊಂಡಿದ್ದೆ. ಕಡಲೆ ಬಿತ್ತುವ ಹೊತ್ತಿಗೇ ತಾಲೀಮು ಎಂದು ಸೈಕಲ್ ಹತ್ತುವ ಮಗನ ಮೇಲೆ ಅವ್ವನಿಗೆ ಎಷ್ಟು ಅಭಿಮಾನವಿದ್ದೀತು, ನೀವೇ ಹೇಳಿ. "ಆ ಪೆಟಗಿ ನಿನಗ ಉಣ್ಣಾಕ ಹಾಕತೈತೇನಲೇ?" ಎನ್ನುತ್ತಿದ್ದಳು. ಕಸ ಹೊಡೆಯುವಾಗ ಅದನ್ನು ಕಸಬರಿಗೆಯಿಂದಲೇ ಸರಿಸುತ್ತಿದ್ದಳು.

ಅಂಥವಳು ಆ ವರ್ಷ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ನಾನು ತಾಲೀಮಿಗೆ ಹೋದಾಗ, ಕುಡಗೋಲು, ಕೊಡಲಿ, ಕೂರಿಗೆಗಳ ಸಾಲಿನಲ್ಲಿ ನನ್ನ ಪೆಟ್ಟಿಗೆಯನ್ನೂ ಕೂಡಿಸಿಬಿಟ್ಟಿದ್ದಳು. ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂವಿನ ಮಾಲೆ.

"ದುಡಿಯೋ ಸಾಮಾನಕ್ಕೆಲ್ಲಾ ಪೂಜಾ ಆಗಬೇಕಲ್ಲಪಾ," ಎಂದಳು, ನನ್ನ ಮುಖ ನೋಡದೆ.

ದುಡಿಯುವ ಸಾಮಾನು! ಮರುದಿನ ಸಂಜೆ, ಬನ್ನಿ ಹಂಚಿದ ಮೇಲೆ, ನಮ್ಮೂರ ಶಾಲೆಯ ಅಂಗಳದಲ್ಲೇ ನಮ್ಮ ಕಾರ್ಯಕ್ರಮ. ಅವ್ವ ಮೊದಲ ಸಲ ಕೇಳಲು ಬರುವವಳಿದ್ದಳು.

ಬೆಳಿಗ್ಗೆ ಸ್ವಿಚ್ ಒತ್ತಿದರೆ ದನಿಯಿಲ್ಲ. ವಾಯರ್ ಬದಲಿಸಿದೆ, ಸ್ಪೀಕರ್ ನೋಡಿದೆ, ಫ್ಯೂಸ್ ನೋಡಿದೆ. ವಾಲ್ವುಗಳು ಉರಿಯುತ್ತಲೇ ಇದ್ದವಲ್ಲ, ಅವನ್ನು ಮುಟ್ಟಲೇ ಇಲ್ಲ. ಅರೆಬರೆ ಕಲಿತವನ ಜಾಣತನ ಅದು. ಕಡೆಗೆ ಸಿಟ್ಟೆಲ್ಲ ಅವ್ವನ ಮೇಲೆ ಹೋಯಿತು. "ಎಲ್ಲಾ ನಿನ್ನ ಪೂಜಾದಿಂದ ಆಗೈತಿ! ಯಾರ ಮಾಡಂದಿದ್ರು ನಿನಗ?" ಎಂದು ಒದರಿದೆ. ಅವ್ವ ಸೆರಗಿನಿಂದ ಪೆಟ್ಟಿಗೆಯ ಮೇಲಿನ ಕುಂಕುಮ ಒರೆಸತೊಡಗಿದಳು.

ಸೈಕಲ್ ತುಳಿದು ನವಲಗುಂದಕ್ಕೆ ಹೋಗಿ, ರೇಡಿಯೋ ರಿಪೇರಿಯ ದಸ್ತಗೀರಸಾಬರನ್ನು ಕರೆತಂದೆ. ಅವರು ಸಾವಕಾಶ ಮನುಷ್ಯ. ಚಹಾ ಕುಡಿದು, ಪೆನ್ಸಿಲ್ ತೆಗೆದು ಒಂದೊಂದೇ ವಾಲ್ವನ್ನು ತಟ್ಟುತ್ತ ಹೋದರು. ಒಂದನ್ನು ತಟ್ಟಿದಾಗ ಸ್ಪೀಕರ್ ಖರ್ ಎಂದಿತು. ಸ್ವಿಚ್ ಆರಿಸಿ, ಆರಲು ಬಿಟ್ಟು, ಬಟ್ಟೆ ಹಿಡಿದು ಅದನ್ನು ಕಿತ್ತರು. ಅದರ ತಂತಿಕಾಲುಗಳಿಗೆಲ್ಲ ವಿಭೂತಿ ಮೆತ್ತಿ ಒಣಗಿತ್ತು. ನಾನು ಆಗಾಗ ವಾಲ್ವು ಕಿತ್ತು, ಒರೆಸಿ, ಮತ್ತೆ ಕೂಡಿಸುವುದನ್ನು ನೋಡಿದ್ದ ಅವ್ವ, ಎಲ್ಲವನ್ನೂ ಬಿಚ್ಚಿ, ವಿಭೂತಿ ಹಚ್ಚಿ, ತಪ್ಪದೆ ಆಯಾ ಜಾಗಕ್ಕೇ ಕೂಡಿಸಿದ್ದಳು!

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು: "ನನ್ನ ಪೂಜಾದಿಂದ ಕೆಟ್ಟತೇನ್ರಿ, ಸಾಬರ?"

ದಸ್ತಗೀರಸಾಬರು ತಲೆ ಎತ್ತಲಿಲ್ಲ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ವಾಲ್ವಿನ ಕಾಲು ಒರೆಸುತ್ತ, "ಛೇ ಛೇ, ಪೂಜಾದಿಂದ ಯಾವುದರೆ ಕೆಡತೈತೇನ್ರಿ ಅಕ್ಕಾರ? ಎರಿ ಹೊಲದ ಊರು, ಧೂಳ ಹೊಕ್ಕಿತ್ರಿ," ಎಂದರು. ಬೆಳ್ಳಗಾದ ಬಟ್ಟೆ ಮಡಚಿ ಕಿಸೆಯಲ್ಲಿಟ್ಟುಕೊಂಡು ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ಮುಚ್ಚಿದೆ.

ಸಂಜೆ ಅವ್ವ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಮನೆಗೆ ಬಂದು, "ಛಲೋ ಐತಿ ಬಿಡು. ಆದರ ಅದನ್ನ ಯಾಕ ಅಷ್ಟ ಅಳಸ್ತಿ?" ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇಂದಿಗೂ ಸಿಕ್ಕಿಲ್ಲ.

ಮರುವರ್ಷ ಖಂಡೇ ಪೂಜೆಗೆ ಪೆಟ್ಟಿಗೆಯ ಕಟ್ಟಿಗೆಗೆ ಮಾತ್ರ ವಿಭೂತಿ ಬಿತ್ತು. "ಒಳಗಿನ ಗಾಜಿನ ಬುಡ್ಡಿಗೋಳಿಗೆ ಹಚ್ಚಲಿಲ್ಲೇನಬೇ?" ಎಂದು ಏನೂ ಅರಿಯದವನಂತೆ ಕೇಳಿದೆ.

"ಎರಿ ಮಣ್ಣಾಗ ಹುಟ್ಟಿ ಬೆಳದಾಕಿ ನಾ," ಎಂದಳು ಅವ್ವ. "ಎರಿ ಧೂಳ ಅಂದ್ರ ಬೆಳ್ಳಗ ಇರತೈತೇನಪಾ? ಪಾಪ, ಅವರು ಅಷ್ಟ ಅಂತಃಕರಣದಿಂದ ಹೇಳಿದ್ರು. ನಾನೂ ಹೂಂ ಅಂದೆ."

ಅಂದರೆ ವರ್ಷವಿಡೀ ಅವಳಿಗೆ ಗೊತ್ತಿತ್ತು. ಸಾಬರಿಗೆ ಹೊಳೆದ ಮಾತು ಹೊಟ್ಟೆಯ ಮಗನಿಗೆ ಹೊಳೆಯಲಿಲ್ಲವೆಂಬುದೂ ಗೊತ್ತಿತ್ತು. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ನಾನು ನಕ್ಕು ಎದ್ದುಹೋದೆ. ಈಗ ಅವ್ವ ಇಲ್ಲ.

ಮೊನ್ನೆ ಒಂದೊಂದೇ ವಾಲ್ವು ಕಿತ್ತು ಒರೆಸುತ್ತ, "ನಾ ಹಂಗ ಒದರಬಾರದಿತ್ತಬೇ," ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು.

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಅವ್ವನ ಜೋಡಿ," ಎಂದೆ.