ಒಂಬತ್ತು ಚುಕ್ಕೆಯ ಚೀಟಿ

ರಾಯಬಾಗದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಖೋಲಿಯಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ತೆರೆದಾಗ ನನ್ನಲ್ಲಿ ಧಾರಾಳವಾಗಿ ಇದ್ದದ್ದು ಹೆದರಿಕೆ ಒಂದೇ. ಉಬ್ಬಿದ ಬ್ಯಾಟರಿ ಕಂಡರೆ ಹೆದರಿಕೆ, ಬಿಸಿಗಾಳಿಯ ಯಂತ್ರ ಹಿಡಿದರೆ ಹೆದರಿಕೆ. ಫೋನ್ ಬಿಚ್ಚಿ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದುಬಿಟ್ಟರಂತೂ ಮತ್ತೆ ಪೂರ್ತಿ ಬಿಚ್ಚುತ್ತಿದ್ದೆ. ಚಿಕ್ಕೋಡಿಯಲ್ಲಿ ಮೂರು ತಿಂಗಳು ಕೆಲಸ ಕಲಿತಿದ್ದೆ. ಅಲ್ಲಿ ಕಲಿಸಿದವರು, 'ನಿನ್ನ ಕೈ ಚಲೋ ಅದಾವ, ಎದಿಯಾಗ ಧೈರ್ಯ ಅಷ್ಟ ಇಲ್ಲ ನೋಡು' ಎಂದು ಎಲ್ಲರೆದುರು ನಗಾಡಿದ್ದರು. ನನಗೆ ಮೈಯೆಲ್ಲ ಉರಿದಿತ್ತು. ಅವರ ಬಾಯಿ ಮುಚ್ಚಿಸಲಿಕ್ಕಾದರೂ ಅಂಗಡಿ ಹಾಕಲೇಬೇಕೆಂದು ಹಟ ಹಿಡಿದೆ.

ಕಾಗವಾಡ ದಾಟಿ ಮಿರಜಕ್ಕೆ ಹೋಗಿ ಹಳೆಯ ಫೋನುಗಳನ್ನು ತಂದೆ. ಸರಿಮಾಡಿ, ಒರೆಸಿ, ಮಾರಲಿಕ್ಕೆಂದು ಗಾಜಿನ ಕಪಾಟಿನಲ್ಲಿಟ್ಟೆ. ಇದ್ದದ್ದು ನಾಲ್ಕೇ, ತುಂಬಿದಂತೆ ಕಾಣಲೆಂದು ಖಾಲಿ ಡಬ್ಬಿಗಳನ್ನೂ ಜೋಡಿಸಿದೆ. ಮೊದಮೊದಲು ಬಂದವರೆಲ್ಲ ಬರೀ ನೋಡುವವರು. ಹೆಂಗಸು ಫೋನ್ ಬಿಚ್ಚುವುದೇ ಅವರಿಗೊಂದು ತಮಾಷೆ. ಗಿರಣಿಗೆ ಜೋಳ ತಂದ ಹೆಣ್ಣುಮಕ್ಕಳು ಮಾತ್ರ ಹಿಟ್ಟಾಗುವವರೆಗೆ ನನ್ನ ಬಾಗಿಲಲ್ಲಿ ನಿಂತು, ಅತ್ತಿತ್ತ ನೋಡಿ, ಚೀಲದಿಂದ ಫೋನ್ ತೆಗೆಯುತ್ತಿದ್ದರು. 'ಗಂಡಸರ ಅಂಗಡ್ಯಾಗ ಕೊಡಾಕ ಮನಸಾಗೂದಿಲ್ರಿ, ಫೋಟೋ ಇರ್ತಾವ' ಎನ್ನುತ್ತಿದ್ದರು. ಅವರಿಂದಲೇ ನನ್ನ ಅಂಗಡಿ ಕುದುರಿತು.

ರಿಪೇರಿಯವರದೊಂದು ಪದ್ಧತಿ ಇದೆ. ಪರದೆ ಬದಲಿಸಿದ ಮೇಲೆ ಫೋನ್ ತೆರೆದು ಪರೀಕ್ಷಿಸಬೇಕಲ್ಲ? ಅದಕ್ಕೆ ಸಣ್ಣ ಚೀಟಿಯಲ್ಲಿ ಒಂಬತ್ತು ಚುಕ್ಕೆ ಇಟ್ಟು ಕೊಡುತ್ತೇವೆ. ತಮ್ಮ ಲಾಕ್ ತೆರೆಯುವ ಗೆರೆ ಯಾವುದೋ ಅದನ್ನು ಗಿರಾಕಿಗಳು ಆ ಚುಕ್ಕೆಗಳ ಮೇಲೆ ಎಳೆಯುತ್ತಾರೆ. ಯಾರದ್ದು ಯಾವುದೆಂದು ಗೊಂದಲವಾಗದಿರಲಿ ಎಂದು ಚೀಟಿಯನ್ನು ಫೋನಿನ ಬೆನ್ನಿಗೇ ಅಂಟಿಸಿಡುತ್ತೇವೆ.

ಒಂದು ಬುಧವಾರ ಚಿಂಚಲಿ ಕಡೆಯಿಂದ ಒಬ್ಬಳು ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಫೋನಿನ ಪರದೆ ನುಚ್ಚುನೂರಾಗಿತ್ತು.

'ಬಿತ್ತೇನವಾ?' ಎಂದೆ.

'ಒಗದಾರ್ರಿ, ಮನ್ಯಾಗ' ಎಂದಳು.

ಚೀಟಿಯ ಮೇಲೆ ಗೆರೆ ಎಳೆಯುವಾಗ ನನಗೂ ಕಾಣದಂತೆ ಅಂಗೈ ಮರೆ ಮಾಡಿಕೊಂಡಳು. ಹೊರಡುವಾಗ ಹತ್ತಿರ ಬಂದು ಹೇಳಿದಳು: 'ಸೋಮವಾರ ಚಿಕ್ಕೋಡಿಗೆ ವಕೀಲರ ಕಡೆ ಹೋಗೂದೈತ್ರಿ, ಅಷ್ಟರೊಳಗ ಬೇಕು. ಮತ್ತ, ಅಕ್ಕಾ, ನನ್ನ ಕೈಯಾಗ ಅಷ್ಟ ಕೊಡ್ರಿ. ಬ್ಯಾರೆ ಯಾರ ಬಂದ್ರೂ ಕೊಡಬ್ಯಾಡ್ರಿ.'

'ಆತು ಬಿಡವಾ' ಎಂದೆ.

ಮರುದಿನ ಹೊಸ ಪರದೆ ಕೂರಿಸಿ, ಬಣ್ಣ ಸರಿಯಾಗಿ ಬರುತ್ತದೋ ಎಂದು ಒಂದು ಫೋಟೋ ತೆರೆದೆ. ಮೊಣಕೈಯಿಂದ ಹೆಗಲವರೆಗೆ ಕಪ್ಪಗೆ ಕಂದಿದ ತೋಳು. ಪರದೆಯದೇ ದೋಷವೇನೋ ಎಂದು ಮುಂದಿನದನ್ನು ನೋಡಿದೆ. ಬೆನ್ನು. ಆಮೇಲಿನದು ಕಿವಿಯ ಹಿಂಭಾಗ, ರಕ್ತ ಒಣಗಿತ್ತು. ನಾನದನ್ನು ನೋಡಬಾರದಿತ್ತು. ಅವಳು ವಕೀಲರಿಗೆ ತೋರಿಸಲು ಕೂಡಿಟ್ಟದ್ದು ಏನೆಂದು ತಿಳಿದು ಫೋನ್ ಆರಿಸಿ ಡ್ರಾಯರಿಗೆ ಹಾಕಿದೆ. ಆಮೇಲೆ ರಸ್ತೆಯಲ್ಲಿ ಯಾವ ಬೈಕ್ ನಿಂತರೂ ಡ್ರಾಯರ್ ಮುಚ್ಚಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ಅವಳ ಗಂಡ ಬಂದ. ನಾನು ಎಣಿಸಿದಂತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ದೇವರ ಭಂಡಾರದ ಅರಿಸಿನ, ಮೆಲುದನಿ. ನಾನು ಅವಳಿಗೆ ಬರೆದುಕೊಟ್ಟ ರಸೀದಿಯನ್ನು ನನ್ನ ಮುಂದಿಟ್ಟ. 'ನಮ್ಮ ಮನಿಯಾಕಿ ಫೋನ್ರಿ. ಆತೇನ್ರಿ?'

'ಅವ್ರ ಬರಬೇಕ್ರಿ' ಎಂದೆ.

ಅವನು ಸ್ಟೂಲ್ ಎಳೆದುಕೊಂಡು ಕುಳಿತ. ಕಪಾಟು ನೋಡಿದ, ಬಾಗಿಲು ನೋಡಿದ. 'ಹೊಸಾ ಅಂಗಡಿ ಅಲ್ರಿ? ದಿನಾ ಒಬ್ರ ಇರ್ತೀರೇನ್ರಿ?'

ಅಷ್ಟೇ. ಬೈಯಲಿಲ್ಲ, ದನಿ ಏರಿಸಲಿಲ್ಲ. ಪಕ್ಕದ ಗಿರಣಿ ಜೋರಾಗಿ ತಿರುಗುತ್ತಿತ್ತು, ನಾನು ಕಿರುಚಿದರೂ ಯಾರಿಗೂ ಕೇಳುವುದಿಲ್ಲ ಎನ್ನಿಸಿತು. ಇನ್ನೂ ಆಗಿಲ್ಲ, ನಾಳೆ ಬನ್ನಿ ಎಂದಿದ್ದರೆ ಮುಗಿಯುತ್ತಿತ್ತು. ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ಆ ಸುಳ್ಳು ಅವತ್ತು ನಾಲಿಗೆಗೆ ಬರಲಿಲ್ಲ. ಡ್ರಾಯರ್ ಎಳೆದು ಫೋನ್ ಕೊಟ್ಟೆ.

ಅದು ಅವನ ಕೈಗೆ ಹೋದ ಮೇಲೆ ಬೆನ್ನಿನ ಚೀಟಿ ಕಣ್ಣಿಗೆ ಬಿತ್ತು. 'ಅದನ್ನ ತಗದು ಕೊಡ್ತೀನ್ರಿ' ಎಂದು ಕೈ ಚಾಚಿದೆ. 'ಇರಲಿ ಬಿಡ್ರಿ' ಎಂದ. ಅಲ್ಲೇ ನಿಂತು, ಚೀಟಿ ನೋಡಿಕೊಂಡು ಗೆರೆ ಎಳೆದು, ಫೋನ್ ತೆರೆದ. ನಂತರ ನನಗೆ ನಮಸ್ಕಾರ ಮಾಡಿ ಹೋದ.

ಅವಳಿಗೆ ಹೇಗಾದರೂ ತಿಳಿಸಬೇಕೆಂದು ಪುಸ್ತಕ ತೆರೆದೆ. ಅಲ್ಲಿದ್ದದ್ದು ಒಂದೇ ನಂಬರು, ಅದೂ ಅದೇ ಫೋನಿನದು. ಬುದ್ಧಿಗೆಟ್ಟು ಅದಕ್ಕೇ ಫೋನ್ ಹಚ್ಚಿಯೂ ಬಿಟ್ಟೆ. ರಸೀದಿಯಲ್ಲಿ ನನ್ನ ನಂಬರಿತ್ತಲ್ಲ, 'ಹೇಳ್ರಿ ಅಂಗಡಿ ಬಾಯಾರ' ಎಂದ ಅವನು. ತಟ್ಟನೆ ಕಟ್ ಮಾಡಿದೆ. ಚಿಂಚಲಿಯ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಹತ್ತಬಹುದಿತ್ತು. ಪೊಲೀಸ್ ಠಾಣೆಯೂ ದೂರವಿರಲಿಲ್ಲ. ನಾನು ಶಟರ್ ಎಳೆದುಕೊಂಡು ಮನೆಗೆ ಹೋದೆ. ಎರಡು ದಿನ ಅಂಗಡಿ ತೆರೆಯಲಿಲ್ಲ. ಅವಳು ಬದುಕಿರಲಿ ದೇವರೇ ಎಂದು ಬೇಡಿಕೊಂಡೆ. ಅವನು ಮತ್ತೆ ಬಾರದಿರಲಿ ಎಂದೂ ಬೇಡಿಕೊಂಡೆ. ಯಾವುದನ್ನು ಮೊದಲು ಬೇಡಿದೆನೋ ಹೇಳಲು ನಾಚಿಕೆಯಾಗುತ್ತದೆ.

ಹತ್ತು ದಿನಗಳ ಮೇಲೆ ಅವಳು ಬಂದಳು. ತುಟಿಯಂಚಿಗೆ ಹೊಲಿಗೆ ಬಿದ್ದಿತ್ತು, ಬಲಗೈ ಪಟ್ಟಿಯಲ್ಲಿ ತೂಗುತ್ತಿತ್ತು. ನಿಪ್ಪಾಣಿ ಹತ್ತಿರದ ಅಕ್ಕೋಳದಿಂದ ಬಂದ ಅವಳ ತಾಯಿ ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದರು.

'ಫೋನ್ ಬಾವಿಗೆ ಒಗದಾನ್ರಿ. ಫೋಟೋ ಎಲ್ಲಾ ಹೋದೂ' ಎಂದಳು. 'ಇನ್ನ ಅವ್ವನ ಕಡೆ ಇರ್ತೀನಿ. ಒಂದ ಹಳೇ ಫೋನ್ ಬೇಕಿತ್ತು.'

ಕಪಾಟಿನ ಗಾಜು ಸರಿಸಿದೆ. ಅವಳು ಮುಂದಕ್ಕೆ ಬಾಗಿ ನನ್ನ ಮುಖ ನೋಡಿದಳು. ಕುತ್ತಿಗೆ, ತೋಳು, ಎರಡೂ ಮುಂಗೈ ನೋಡಿದಳು.

'ನಿಮಗೂ ಭಾಳ ಹೊಡದನೇನ್ರಿ ಅಕ್ಕಾ, ನನ್ನ ಸಲುವಾಗಿ?' ಎಂದಳು.

ಹೌದು ಎಂದುಬಿಡೋಣವೇ ಎನ್ನಿಸಿತು.

'ಇಲ್ಲವಾ.'

'ಮತ್ತ?'

'ಕೇಳಿದ. ಕೊಟ್ಟೆ.'

ಅವಳು ಕಪಾಟಿನಲ್ಲಿದ್ದ ಹಳೆಯ ಫೋನುಗಳನ್ನು ಒಮ್ಮೆ ನೋಡಿದಳು. ಆಮೇಲೆ, 'ಫೋನ್ ನಿಪ್ಪಾಣ್ಯಾಗ ನೋಡ್ತೀನಿ ಬಿಡ್ರಿ' ಎಂದು ತಾಯಿಯನ್ನು ಎಬ್ಬಿಸಿಕೊಂಡು ಬಸ್ಸಿನ ಕಡೆ ನಡೆದಳು.