ನೇರಳೆ ತಾಯಿಯ ಬುಡದಲ್ಲಿ ಜಾಗವಿರಲಿಲ್ಲ

ನಾನು ಚಿಕ್ಕವನಿದ್ದಾಗ ಜಕ್ಕೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಗುಂಡುತೋಪಿತ್ತು. ಊರಿನವರೆಲ್ಲರಿಗೂ ಸೇರಿದ ಮರಗಳ ಗುಂಪು ಅದು. ಪುಟ್ಟ ಕಾಡೇ ಅನ್ನಿ. ಅದರ ನಡುವೆ ಒಂದು ಮುದಿ ನೇರಳೆ ಮರ. ಒಂದು ವರ್ಷ ಹಣ್ಣು ಸುರಿದು ನೆಲವೆಲ್ಲ ಕಪ್ಪಾಯಿತು, ನಮ್ಮ ನಾಲಿಗೆ, ಅಂಗಿಗಳೂ ಕಪ್ಪಾದವು. ಮಳೆ ಬಿದ್ದ ಮೇಲೆ ಮರದ ಬುಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಸಿಗಳು ಎದ್ದವು. ಅಷ್ಟನ್ನೂ ಮರ ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ. ಸುತ್ತ ಮುಳ್ಳು ಹಾಕಿದೆ. ದಿನವೂ ಕೆರೆಯಿಂದ ನೀರು ಹೊತ್ತೆ.

ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಸಸಿಗಳು ಮಲಗಿದ್ದವು. ಬುಡ ಕೊಳೆತು ಹುಳಿ ವಾಸನೆ ಹೊಡೆಯುತ್ತಿತ್ತು. ಉಳಿದವುಗಳ ಎಲೆಗಳನ್ನು ಹುಳುಗಳು ಜರಡಿ ಮಾಡಿಬಿಟ್ಟಿದ್ದವು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಹೊಲಕ್ಕೆ ಹೊರಟಿದ್ದ ಅಪ್ಪ ನಿಂತು ನೋಡಿದ. "ಒಂದೇ ಜಾತಿ ಇಂಗೆ ಒತ್ತೊತ್ತಾಗಿ ನಿಂತ್ರೆ ರೋಗ ಒಂದರಿಂದ ಒಂದಕ್ಕೆ ನಡ್ಕೊಂಡು ಓಗ್ತದೆ ಕಣೋ. ರಾಗಿ ಪೈರು ದಟ್ಟ ಆದ್ರೆ ಕುಂಟೆ ಎಳ್ದು ತೆಳು ಮಾಡಲ್ವಾ? ಇದನ್ನೂ ಕಿತ್ತಾಕು. ನಾಕೋ ಐದೋ ಬಿಡು."

"ಒಂದನ್ನೂ ಸಾಯಕ್ಕೆ ಬಿಡಲ್ಲ!" ಎಂದು ಮುಳ್ಳುಬೇಲಿಯೊಳಗೆ ಹಾರಿ ಕೂತುಬಿಟ್ಟೆ. ಕಾಲಿಗೆ ಮುಳ್ಳು ಚುಚ್ಚಿದರೂ ಏಳಲಿಲ್ಲ.

ಅಕ್ಕ ಬಂದು ಕಿವಿ ಹಿಂಡಿ, ತೋಪಿನ ಆಚೆ ಅಂಚಿಗೆ ಎಳೆದುಕೊಂಡು ಹೋದಳು. ಅಲ್ಲಿ ಹೊಂಗೆ, ಬೇವುಗಳ ನಡುವೆ ಒಂದೇ ಒಂದು ನೇರಳೆ ಸಸಿಯಿತ್ತು. ಬಾವಲಿ ಬೀಜ ಉಗುಳಿ ಹೋಗಿರಬೇಕು. ಯಾರೂ ನೀರು ಹಾಕಿದ್ದಿಲ್ಲ, ಆದರೂ ಎಲೆಯಲ್ಲಿ ಒಂದು ತೂತೂ ಇರಲಿಲ್ಲ.

"ನೋಡು, ಅವ್ವ ಮರದ ಬುಡದಲ್ಲಿರೋ ಉಳ ಇಲ್ಲೀಗಂಟ ಬಂದಿಲ್ಲ," ಅಂದಳು.

ನನಗೆ ಅರ್ಥವಾಯಿತು, ಆದರೆ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ಕಿತ್ತು ಎಸೆಯುವ ಮಾತಂತೂ ಇಲ್ಲವೇ ಇಲ್ಲ. ಬಿದಿರಿನ ಮಂಕರಿ ತಂದು, ನೆಟ್ಟಗಿದ್ದ ಸಸಿಗಳಲ್ಲಿ ಕೈಲಾದಷ್ಟನ್ನು ಮಣ್ಣಿನ ಸಮೇತ ಎತ್ತಿ ಹೊತ್ತೆ. ಕೆರೆ ಏರಿಯ ಕೆಳಗೆ ಒಂದು ನೆಟ್ಟೆ, ಬೇಲಿ ಸಂದಿಯಲ್ಲಿ ಇನ್ನೊಂದು, ಹುಣಸೆಮರದಾಚೆ ಮತ್ತೊಂದು. ಎರಡು ನೇರಳೆಗಳ ನಡುವೆ ಬೇರೆ ಜಾತಿಯ ಮರ ಇರಲೇಬೇಕೆಂದು ನಾನೇ ಕಾನೂನು ಮಾಡಿಕೊಂಡೆ. ಅಪ್ಪ ಊಟಕ್ಕೆ ಕರೆದರೂ ಹೋಗಲಿಲ್ಲ. ಸಂಜೆಗೆ ಉಗುರಿನ ಸಂದಿಯೆಲ್ಲ ಕೆಮ್ಮಣ್ಣು, ಸೊಂಟ ಬಿದ್ದುಹೋಗಿತ್ತು.

ಹೆಚ್ಚಿನವನ್ನು ಮೇಕೆಗಳು ಮೇದವು. ಮೂರು ಉಳಿದು ಮರವಾದವು. ತಾಯಿಯ ಬುಡದಲ್ಲೇ ಬಿಟ್ಟವುಗಳಲ್ಲಿ ಬೇಸಿಗೆಯ ಹೊತ್ತಿಗೆ ಒಂದೂ ಇರಲಿಲ್ಲ. ಆ ದಿನ ಹಟ ಮಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಮಕ್ಕಳೇ, ಆ ತೋಪಿದ್ದ ಕಡೆ ಈಗ ನಾವಿರುವ ಅಪಾರ್ಟ್‌ಮೆಂಟ್ ಇದೆ. ನಿಮಗೆ ಲಿಫ್ಟ್ ಇದೆ, ಈಜುಕೊಳವಿದೆ, ಹಣ್ಣು ಡಬ್ಬಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಕೆಳಗಿನ ಪಾರ್ಕಿನಲ್ಲಿ ದೊಡ್ಡವರು ಒಂದೇ ಜಾತಿಯ ಸಸಿಗಳನ್ನು ಒಂದಕ್ಕೊಂದು ಅಂಟಿಸಿದಂತೆ ನೆಟ್ಟು, ಫೋಟೊ ತೆಗೆಸಿಕೊಂಡು ಹೋಗಿದ್ದಾರೆ. ಆಗಲೇ ಎಲೆಗಳು ಸುರುಟುತ್ತಿವೆ. ದೂರ ದೂರ ನೆಡೋಣ, ನಡುವೆ ಬೇರೆ ಗಿಡ ಹಾಕೋಣ ಎಂದು ಹೋಗಿ ಕೇಳಿದೆ. ಪಾರ್ಕಿನ ಅಂದ ಕೆಡುತ್ತದೆ, ಸಸಿ ಮುಟ್ಟಬೇಡಿ ಎಂದು ಅಸೋಸಿಯೇಷನ್ನಿನವರು ನನಗೆ ಬರೆದು ಕಳಿಸಿದ್ದಾರೆ. ಬರೆಯಲಿ. ನಾಳೆ ಬೆಳಿಗ್ಗೆ ಆರಕ್ಕೆ ಗುದ್ದಲಿ ಹಿಡಿದು ಕೆಳಗೆ ಇಳಿಯುತ್ತೇನೆ. ನಿಮ್ಮಲ್ಲಿ ಯಾರ್ಯಾರು ಬರುತ್ತೀರಿ?