ರೂಪಾಯಿ ಬಿದ್ದಾಗ ನನಗಾದ ಲಾಭ

ರೂಪಾಯಿ ಬಿದ್ದಾಗ ನನಗೆ ನಷ್ಟವಾಗಲಿಲ್ಲ ಅತ್ತಿಗೆ — ಲಾಭವಾಯಿತು. ನನಗಾಗಿ ನೀವು ಬಿಟ್ಟುಕೊಟ್ಟ ಕೂಲಿಯನ್ನು ನಾನು ತಿಂದೆ. ತಿಳಿದೂ ತಿಳಿದೂ ತಿಂದೆ.

ಶಿಡ್ಲಘಟ್ಟದಲ್ಲಿ ನಿಮ್ಮ ಮನೆ, ನನ್ನ ಗಂಡನ ಮನೆ ಎರಡೂ ಒಂದೇ ಬೀದಿ. ಚಿಟ್ಟೆ ತೂತು ಮಾಡಿ ಹೋದ ರೇಷ್ಮೆಗೂಡನ್ನು ಎಸಳೆಸಳಾಗಿ ಕತ್ತರಿಸಿ, ಬಣ್ಣ ಹಾಕಿ, ಪೋಣಿಸಿ ನೀವು ಹಾರ ಮಾಡುತ್ತಿದ್ದಿರಿ. ನಾನು ಫೋಟೊ ತೆಗೆದು ಆನ್‌ಲೈನಿನಲ್ಲಿ ಹೊರದೇಶದವರಿಗೆ ಮಾರುತ್ತಿದ್ದೆ. ಅವರು ಕೊಡುವುದು ಡಾಲರಿನಲ್ಲಿ. ರೂಪಾಯಿ ಇಳಿದಷ್ಟೂ ಅದೇ ಡಾಲರಿಗೆ ನನ್ನ ಖಾತೆಗೆ ಹೆಚ್ಚು ರೂಪಾಯಿ ಜಮೆಯಾಗುತ್ತದೆ. ಇಷ್ಟನ್ನು ನಿಮಗೆ ಬಿಡಿಸಿ ಹೇಳಲು ಎಷ್ಟು ಹೊತ್ತು ಬೇಕಿತ್ತು —

ಅವತ್ತು ಟೀವಿಯಲ್ಲಿ ರೂಪಾಯಿ ಕುಸಿತವೆಂದು ಬಡಕೊಳ್ಳುತ್ತಿದ್ದರು. ಹೊರದೇಶದಿಂದ ಡಾಲರ್ ಕೊಟ್ಟು ಮೊಬೈಲ್ ಸಾಮಾನು ತರಿಸಿ ಆನ್‌ಲೈನಿನಲ್ಲಿ ಮಾರುವ ಎದುರುಮನೆಯವನು ಮುಳುಗಿಹೋದೆ ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ನನ್ನ ಗತಿಯೂ ಅದೇ ಎಂದುಕೊಂಡು ನೀವು ಕತ್ತರಿ ಕೆಳಗಿಟ್ಟು ಅಂದಿರಿ:

“ನಿಂಗೂ ಏಟು ಬಿದ್ದಿರ್ತದೆ ಕಣಮ್ಮ. ಹಾರಕ್ಕೆ ಹತ್ತು ರೂಪಾಯಿ ಕಮ್ಮಿ ಕೊಡು. ಪೋನೀಲೆ, ಹೋಗ್ಲಿ ಬಿಡು, ರೂಪಾಯಿ ಮೇಲಕ್ಕೆದ್ದಾಗ ಕೊಡುವಂತೆ.”

ನಾನು ಹೂಂ ಅಂದೆ.

ಯಾಕೆ ಹಾಗೆ ಮಾಡಿದೆ? ಹೊಟ್ಟೆಗಿಲ್ಲದೆ ಅಲ್ಲ. ಅಂಚೆ ಖರ್ಚು ಏರಿತ್ತು, ನಿಜ — ಥೂ, ಆ ನೆಪ ಬೇಡ. ನಿಮ್ಮನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನೀವು ಅಣ್ಣನ ಕೈಹಿಡಿದು ಬಂದ ದಿನದಿಂದ ಅಮ್ಮನ ಬಾಯಲ್ಲಿ ನಿಮ್ಮದೇ ಜಪ. ಸೊಸೆಯೆಂದರೆ ಇವಳು, ಮಗಳಿಗಿಂತ ಹೆಚ್ಚು ಎನ್ನುವಾಗ ಮಗಳಾದ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಒಳ್ಳೆಯವಳು, ಒಳ್ಳೆಯವಳು... ಅಷ್ಟು ಒಳ್ಳೆಯವಳಾದರೆ ಅನುಭವಿಸಲಿ ಎಂದು ನಿಜ ಮುಚ್ಚಿಟ್ಟೆ. ಈಗಲೂ ಆ ಸಿಟ್ಟು ಪೂರ್ತಿ ಆರಿಲ್ಲ. ಒಂದು ಸಲವಾದರೂ ನೀವು ಅನುಮಾನಪಡಬಾರದಿತ್ತೆ? ಒಂದು ಸಲ ಜಗಳಕ್ಕೆ ಬರಬಾರದಿತ್ತೆ?

ರೂಪಾಯಿ ಮತ್ತೂ ಇಳಿಯಿತು. ಆಮೇಲಾಮೇಲೆ ನಾನೇ ಬಾಯಿಬಿಟ್ಟು, ಡಾಲರ್ ಹೊಡೆತ ಎಂದು ಮುಖ ಸಪ್ಪೆ ಮಾಡಿ ನಿಮ್ಮ ಕೂಲಿ ಇಳಿಸಿದೆ. ಉಳಿದ ದುಡ್ಡಿನಲ್ಲಿ ಸ್ಕೂಟರ್ ಕೊಂಡು, ಸಾಲ ಮಾಡಿ ತಂದೆ ಎಂದೆ. ಕಂತು ಹೇಗೆ ಕಟ್ಟುತ್ತೀಯೋ ಎಂದು ನೀವು ಮರುಗಿದಿರಿ. ಕೊನೆಗೆ ಹಾರದ ಕೂಲಿ ಮನೆಖರ್ಚಿಗೆ ಸಾಲದಾಯಿತು. ಯಾವ ಗಾರ್ಮೆಂಟ್ಸಿನ ಬೈಗುಳ ತಾಳಲಾರದೆ ಬಿಟ್ಟು ಬಂದಿದ್ದಿರೋ, ಇನ್ನು ಸತ್ತರೂ ಹೋಗಲ್ಲ ಎಂದಿದ್ದಿರೋ, ಅಲ್ಲಿಗೇ ವಾಪಸು ಹೋದಿರಿ. ಗಾರ್ಮೆಂಟ್ಸಿನವರನ್ನು ಚಿಕ್ಕಬಳ್ಳಾಪುರಕ್ಕೆ ಒಯ್ಯುವ ವ್ಯಾನು ಬೆಳಗ್ಗೆ ನಮ್ಮ ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತದೆ. ನನಗೆ ಕೇಳಿಸುತ್ತದೆ.

ಕಳೆದ ತಿಂಗಳು ನಾಮಕರಣದ ಮನೆಯಲ್ಲಿ ಚಿಂತಾಮಣಿಯ ಚಿಕ್ಕಮ್ಮ ನಿಮ್ಮನ್ನು ಕೆಣಕಿದರು — ಅಷ್ಟು ಚೆನ್ನಾದ ಹಾರದ ಕೆಲಸ ಯಾಕೆ ಬಿಟ್ಟೆ, ನಾದಿನಿ ಸರಿಯಾಗಿ ಕೊಡಲಿಲ್ಲವಾ ಎಂದು. ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಎಂದೂ ದನಿ ಏರಿಸದ ನೀವು ಅವರ ಮೇಲೆ ರೇಗಿದಿರಿ:

“ಅವಳನ್ನೇನೂ ಅನ್ನಬೇಡಿ. ಪಾಪ, ಅವಳಿಗೇ ನಷ್ಟ ಆಗ್ತಿತ್ತು. ಅವಳಿಗೆ ಭಾರ ಆಗಬಾರ್ದು ಅಂತ ನಾನೇ ಬಿಟ್ಟೆ.”

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಭಾನುವಾರ ನಿಮಗೆ ರಜೆ. ಅಮ್ಮ, ಅಣ್ಣ, ಆ ಚಿಕ್ಕಮ್ಮ — ಎಲ್ಲರನ್ನೂ ಕೂರಿಸಿ, ನಿಮ್ಮೆದುರಿಗೆ ಇದನ್ನು ಹೀಗೆಯೇ ಹೇಳುತ್ತೇನೆ. ಹಿಡಿದ ಕೂಲಿಯನ್ನು ಹಿಂದಕ್ಕೆ ಕೊಡುತ್ತೇನೆ. ಗಾರ್ಮೆಂಟ್ಸಿನಲ್ಲಿ ಕಳೆದ ದಿನಗಳನ್ನು ಕೊಡಲಾರೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ ಅತ್ತಿಗೆ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.